ಕಿವಿ ಮೇಡಮ್

"ನೀವೇ ಬಾಯಿಬಿಟ್ಟು ಹೇಳಿಬಿಡಿ ಮೇಡಮ್, ನಮ್ಮಮ್ಮನಿಗೆ ಕಿವಿ ಕೇಳುತ್ತೋ ಇಲ್ವೋ? ಕೇಳುತ್ತೆ ಅಂದ್ರೆ ಕೇಳುತ್ತೆ, ಇಲ್ಲ ಅಂದ್ರೆ ಇಲ್ಲ. ಒಂದೇ ಮಾತು."

ಬಾಗಿಲಲ್ಲಿ ನಿಂತವನು ಚೀಟಿ ತೋರಿಸಲಿಲ್ಲ, ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರ ಗೊಣಗಾಟಕ್ಕೆ ಸೊಪ್ಪು ಹಾಕಲೂ ಇಲ್ಲ. ಅವನ ಉಗುರುಗಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸಿತ್ತು. ಗ್ಯಾರೇಜಿನಿಂದ ನೇರವಾಗಿ ಬಂದವನ ಹಾಗಿದ್ದ. ಅವನ ಬೆನ್ನ ಹಿಂದೆ ಅವನ ತಾಯಿ, ಹೆಗಲಿನವರೆಗೂ ಬಾರದ ಪುಟ್ಟ ಮುದುಕಿ, ಕೈಚೀಲವನ್ನು ಎದೆಗೆ ಅವುಚಿಕೊಂಡು ನಗುತ್ತಾ ನಿಂತಿದ್ದಳು. ಮಗ ತನ್ನನ್ನು ಬೈಯುತ್ತಿದ್ದಾನೋ ಹೊಗಳುತ್ತಿದ್ದಾನೋ ಎಂಬ ಯೋಚನೆ ಆ ನಗುವಿನಲ್ಲಿ ಇರಲಿಲ್ಲ.

ಆಸ್ಪತ್ರೆಯ ಕಾವಲಿನವನಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರೂ 'ಕಿವಿ ಮೇಡಮ್' ಎಂದು ಕರೆಯುತ್ತಿದ್ದವಳು ಕುರ್ಚಿಯಲ್ಲಿ ಕೂತಲ್ಲೇ ಅವನನ್ನು ನೋಡಿದಳು. ಮಧ್ಯಾಹ್ನ ಮುಗಿಯುತ್ತಾ ಬಂದಿತ್ತು. ಊಟದ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಸೊಂಟ ಮುರಿದು ಎರಡಾದಂತಿತ್ತು. ಆದರೂ ಅವಳ ಕಣ್ಣು ಮಗನನ್ನು ಬಿಟ್ಟು ಮುದುಕಿಯ ಮೇಲೆ ಹೋಯಿತು, ಹೋದ ಕೂಡಲೇ ಅವಳ ಮುಖ ತಾನಾಗಿ ಅರಳಿತು. "ಬನ್ನಿ ಅಜ್ಜಿ, ಒಳಗೆ ಬನ್ನಿ," ಎಂದಳು.

ಅವಳ ಕೆಲಸ ಕಿವಿ ಪರೀಕ್ಷೆ ಮಾಡುವುದು. ಒಂದು ಸಣ್ಣ ಕೋಣೆ, ಅದರೊಳಗೆ ಹೊರಗಿನ ಸದ್ದು ನುಗ್ಗದ ಹಾಗೆ ಗೋಡೆಗೆಲ್ಲ ಮೆತ್ತೆ ಹೊಡೆದ ಇನ್ನೊಂದು ಗೂಡು, ನಡುವೆ ದಪ್ಪ ಗಾಜು. ರೋಗಿ ಗೂಡಿನೊಳಗೆ ಹೆಡ್‌ಫೋನು ಹಾಕಿಕೊಂಡು ಕೂರಬೇಕು. ಇವಳು ಹೊರಗೆ ಕೂತು ಯಂತ್ರದಿಂದ ಒಂದೊಂದೇ ಶಬ್ದ ಕಳಿಸಬೇಕು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ, ಕೊನೆಗೆ ಇದೆಯೋ ಇಲ್ಲವೋ ಎನ್ನುವಷ್ಟು. ಕೇಳಿಸಿದಾಗಲೆಲ್ಲ ರೋಗಿ ಕೈಯಲ್ಲಿರುವ ಗುಂಡಿ ಒತ್ತಿದರೆ ಯಂತ್ರದ ಮೇಲೆ ಹಸಿರು ದೀಪ ಹತ್ತುತ್ತದೆ. ಇಷ್ಟೇ ವಿದ್ಯೆ. ಬೆಳಗಿನಿಂದ ಸಂಜೆಯವರೆಗೆ ಇದನ್ನೇ ಮಾಡಿ ಮಾಡಿ ಅವಳಿಗೆ ಈಗೀಗ ಮನೆಯಲ್ಲಿ ಫ್ರಿಜ್ಜು ಗುಂಯ್ ಅಂದರೂ ಹಸಿರು ದೀಪ ಎಲ್ಲಿ ಎಂದು ಕಣ್ಣು ಹುಡುಕುತ್ತಿತ್ತು.

ಮಕ್ಕಳು ಬಂದರೆ, ಹುಡುಗರು ಬಂದರೆ ಅವಳಿಗೆ ಅಷ್ಟಕ್ಕಷ್ಟೆ. "ಕೂತ್ಕೋ, ಅಲ್ಲಾಡ್ಬೇಡ, ಕೇಳಿಸಿದ್ರೆ ಒತ್ತು," ಎಂದು ಯಂತ್ರದ ಕಡೆ ಮುಖ ಮಾಡಿಬಿಡುತ್ತಿದ್ದಳು. ಆದರೆ ಮುದುಕರನ್ನು ಕಂಡರೆ ಅವಳಿಗೆ ಜೀವ. ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸುತ್ತಿದ್ದಳು, ಹೆಡ್‌ಫೋನು ಕೂದಲಿಗೆ ಸಿಕ್ಕಿಕೊಳ್ಳದ ಹಾಗೆ ಹಾಕುತ್ತಿದ್ದಳು, ಪರೀಕ್ಷೆ ಮುಗಿಯುವವರೆಗೂ ಗಾಜಿನಾಚೆಗಿನ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬನಿದ್ದ. ಅವನ ಸರದಿ ಬಂದರೆ ಮುದುಕರು ಏನಾದರೊಂದು ನೆಪ ತೆಗೆದು ಈ ಬಾಗಿಲಿಗೇ ಬಂದು ಕೂರುತ್ತಿದ್ದರು. "ಆ ಹುಡುಗ ಮುಖ ಗಂಟು ಹಾಕ್ಕೊಂಡಿರ್ತಾನಮ್ಮ. ಅವನ ಹತ್ರ ಹೋದ್ರೆ ಏನೇನೂ ಕೇಳಿಸಲ್ಲ. ನಿನ್ನ ಹತ್ರ ಎಲ್ಲಾ ಕೇಳಿಸುತ್ತೆ," ಎಂದು ಒಬ್ಬ ಮುದುಕ ಹೇಳಿದಾಗ ಇಡೀ ಬೆಂಚು ನಕ್ಕಿತ್ತು, ಕಿವಿ ಮೇಡಮ್ಮೂ ನಕ್ಕಿದ್ದಳು. ಆ ಮಾತನ್ನು ಅವಳು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಳು.

ಈ ಅಜ್ಜಿ ಹೋದ ತಿಂಗಳು ಬಂದಿದ್ದಳು. ಪರೀಕ್ಷೆಯಲ್ಲಿ ದೀಪ ಪಟಪಟನೆ ಹತ್ತಿತ್ತು. ವಯಸ್ಸಿಗೆ ಮೀರಿದ ಕಿವಿ, ಏನೂ ತೊಂದರೆ ಇಲ್ಲ ಎಂದು ಬರೆದು ಕಳಿಸಿದ್ದಳು.

"ಆ ಚೀಟಿ ತಗೊಂಡು ಹೋದಾಗಿನಿಂದ ನಮ್ಮನೇಲಿ ನೆಮ್ಮದಿ ಇಲ್ಲ ಮೇಡಮ್," ಎಂದ ಗ್ಯಾರೇಜಿನವನು. ಈಗ ಅವನ ದನಿ ಇಳಿದಿತ್ತು. ಸಿಟ್ಟಿಗಿಂತ ಸುಸ್ತೇ ಹೆಚ್ಚಾಗಿತ್ತು. "ಮೊನ್ನೆ ನನ್ನ ಹೆಂಡ್ತಿ ಮಗೂನ ಮಲಗಿಸಿ ಅಂಗಡಿಗೆ ಹೋಗಿದ್ದಾಳೆ. ಮಗು ಎದ್ದು ಅತ್ತಿದೆ. ಇವರು ಅದೇ ರೂಮಲ್ಲಿ, ಕಿಟಕಿ ಕಡೆ ತಿರುಗಿ ಬಟಾಣಿ ಸುಲೀತಾ ಕೂತಿದ್ದಾರೆ. ಅವಳು ಮೆಟ್ಟಿಲು ಹತ್ತೋವಾಗ್ಲೇ ಅಳು ಕೇಳಿಸಿತಂತೆ. ಬಂದು ನೋಡಿದ್ರೆ ಮಗು ಅತ್ತೂ ಅತ್ತೂ ನೀಲಿಗಟ್ಟಿದೆ, ಇವರು ತಮ್ಮ ಪಾಡಿಗೆ ಬಟಾಣಿ ಸುಲೀತಾ ಇದ್ದಾರೆ. ಕಿವಿ ಕೇಳಲ್ಲ ಅಂತಿದ್ರೆ ಬೇರೆ ಮಾತು. ಕೇಳುತ್ತೆ ಅಂತ ನೀವೇ ಬರ್ಕೊಟ್ಟಿದ್ದೀರಿ. ಹಾಗಾದ್ರೆ ಬೇಕಂತಲೇ ಸುಮ್ಮನೆ ಕೂತಿದ್ರು ಅಂತ ತಾನೆ? ಅವಳು ಈಗ ಮಗೂನ ಅಜ್ಜಿ ಕೈಗೆ ಕೊಡ್ತಿಲ್ಲ. ಅಜ್ಜಿ ರೂಮಿಗೆ ಬಂದ್ರೆ ಎತ್ಕೊಂಡು ಹೊರಗೆ ಹೋಗ್ತಾಳೆ. ನಾನು ಯಾರ ಕಡೆ ಮಾತಾಡ್ಲಿ ಹೇಳಿ?"

ಅಜ್ಜಿ ಮಗನ ತುಟಿಗಳನ್ನೇ ನೋಡುತ್ತಿದ್ದಳು. 'ಮಗು' ಎನ್ನುವ ಮಾತು ಬಂದಾಗ ಮಾತ್ರ ಅವಳ ನಗು ಒಂಚೂರು ಕದಡಿತು.

"ಇನ್ನೊಂದ್ಸಲ ನೋಡೇಬಿಡೋಣ," ಎಂದಳು ಕಿವಿ ಮೇಡಮ್. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂಬ ಧೈರ್ಯ ಅವಳಿಗೆ. ಅಜ್ಜಿಯನ್ನು ಗೂಡಿನೊಳಗೆ ಕೂರಿಸಿ, ಮುಂಗುರುಳು ಸರಿಸಿ, ಹೆಡ್‌ಫೋನು ಹಾಕಿ, ಗುಂಡಿಯನ್ನು ಕೈಗೆ ಕೊಟ್ಟು ಬಂದಳು. ಮಗ ಗೋಡೆಗೊರಗಿ ನಿಂತು ಹಸಿರು ದೀಪವನ್ನೇ ನೋಡುತ್ತಿದ್ದ. ಶಬ್ದ ಹೋಯಿತು, ದೀಪ ಹತ್ತಿತು. ಇನ್ನೂ ಮೆಲ್ಲಗೆ ಹೋಯಿತು, ಹತ್ತಿತು. ಇನ್ನೂ ಮೆಲ್ಲಗೆ. ಹತ್ತಿತು. ಗಾಜಿನಾಚೆ ಅಜ್ಜಿ, ಲೆಕ್ಕ ಸರಿ ಬಂದ ಶಾಲೆಯ ಹುಡುಗಿಯಂತೆ, ಪ್ರತಿ ಸಲವೂ ಹೆಮ್ಮೆಯಿಂದ ಗುಂಡಿ ಒತ್ತುತ್ತಿದ್ದಳು.

"ಸಾಕು ಬಿಡಿ," ಎಂದ ಮಗ. ಮುಖ ಕಪ್ಪಿಟ್ಟಿತ್ತು. "ನಾನೇ ಮೂರ್ಖ. ಇಷ್ಟು ದಿನ ಹೆಂಡ್ತಿ ಹತ್ರ ಇವರ ಪರ ವಾದ ಮಾಡ್ದೆ." ಗಾಡಿ ತರುತ್ತೇನೆಂದು ಧಡಧಡನೆ ಹೊರಟುಹೋದ.

ಕಿವಿ ಮೇಡಮ್ ಗೂಡಿನ ಬಾಗಿಲು ತೆಗೆದು ಅಜ್ಜಿಯ ಹೆಡ್‌ಫೋನು ಬಿಚ್ಚಿದಳು. ಅಜ್ಜಿ ಅವಳ ಗಲ್ಲ ಸವರಿದಳು.

"ಈ ಸಲಾನೂ ಪಾಸಾದ್ನಾ ಮಗಳೇ?" ಎಂದಳು. ದನಿ ಇರಬೇಕಾದ್ದಕ್ಕಿಂತ ಒಂದು ಹಿಡಿ ಜೋರಾಗಿತ್ತು. "ಆಗ್ದೆ ಏನು! ಇದೇನು ಬ್ರಹ್ಮವಿದ್ಯೇನಾ? ನೀನು ಹುಬ್ಬು ಏರಿಸ್ದಾಗ ಒತ್ತೋದು, ಇಳಿಸ್ದಾಗ ಬಿಡೋದು. ಒಂದೇ ಒಂದೂ ತಪ್ಪಿಲ್ಲ, ನೋಡ್ದೆ ತಾನೆ?"

ಕಿವಿ ಮೇಡಮ್‌ಗೆ ಮೊದಲು ಅರ್ಥವಾಗಲಿಲ್ಲ.

"ಏನಂದ್ರಿ ಅಜ್ಜಿ?"

"ಅದೇ, ಹುಬ್ಬು," ಎಂದು ಅಜ್ಜಿ ತನ್ನ ನರೆತ ಹುಬ್ಬುಗಳನ್ನು ಮೇಲೆ ಹಾರಿಸಿ, ಗದ್ದವನ್ನು ಚೂರು ಎತ್ತಿ ತೋರಿಸಿದಳು. "ಹೋದ್ಸಲ ಬಂದಾಗ್ಲೇ ಕಲಿತ್ಕೊಂಡೆ. ಹೇಳ್ಕೊಡೋದ್ರಲ್ಲಿ ನಿನ್ನ ಬಿಟ್ರಿಲ್ಲ ಬಿಡು."

ಆ ಹುಬ್ಬು, ಆ ಗದ್ದ, ಆ ಚೂರೇ ಚೂರು ಎತ್ತುವ ರೀತಿ ಕಿವಿ ಮೇಡಮ್‌ಗೆ ಹೊಸದಾಗಿರಲಿಲ್ಲ. ಅದು ಅವಳದೇ. ಅಜ್ಜಿ ಮೋಸ ಮಾಡಿರಲಿಲ್ಲ. ಶಬ್ದ ಕೇಳಿಸಿದರೆ ಒತ್ತಿ ಎಂದು ಇವಳು ಹೇಳಿದ್ದೇ ಅವಳಿಗೆ ಕೇಳಿಸಿರಲಿಲ್ಲ. ಹೀಗಾಗಿ ಪರೀಕ್ಷೆ ಎಂದರೆ ಇದೇ ಎಂದು ತಿಳಿದು, ಇವಳ ಮುಖವನ್ನು ಓದಿ ಓದಿ ಪಾಸಾಗಿದ್ದಳು.

ಆಗಲೇ ಮಗ ಬಾಗಿಲಲ್ಲಿ ನಿಂತು "ನಡಿಯಮ್ಮ" ಎಂದ. ಬೆಂಚಿನಿಂದ ಮುಂದಿನವನು ಎದ್ದು ಒಳಗೆ ಬಂದೇಬಿಟ್ಟ. ಕಿವಿ ಮೇಡಮ್ ಬಾಯಿ ತೆರೆದಳು. ಈಗ ಹೇಳಿದರೆ ಇಷ್ಟೂ ಜನರ ಮುಂದೆ ಹೇಳಬೇಕು, ಹೇಳಲು ಎಲ್ಲಿಂದ ಶುರು ಮಾಡಬೇಕು, ಎಷ್ಟು ಹಿಂದಿನಿಂದ? ಅಜ್ಜಿ ತಿರುಗಿ ಕೈ ಬೀಸಿ ಹೋದಳು. ಮಗ ತಾಯಿಯ ಕೈ ಹಿಡಿದುಕೊಳ್ಳಲಿಲ್ಲ, ಮುಂದೆ ಮುಂದೆ ನಡೆದ.

ಮುಂದಿನವನು ಒಬ್ಬ ಮುದುಕ. ಅವಳು ಅವನನ್ನು ಕೂರಿಸಿ ಮೊದಲ ಶಬ್ದ ಕಳಿಸಿದಳು. ಕಳಿಸುವಾಗ ತನ್ನ ಮುಖದ ಮೇಲೆ ನಿಗಾ ಇಟ್ಟಳು. ಹುಬ್ಬು ಎದ್ದಿತು. ತಡೆಯಬೇಕೆಂದು ಹಲ್ಲು ಕಚ್ಚಿ ಇನ್ನೊಂದು ಕಳಿಸಿದಳು. ಆಗಲೂ ಎದ್ದಿತು. ಸೀನು ಬಂದ ಹಾಗೆ, ತನ್ನ ಮಾತೇ ಕೇಳದ ಹಾಗೆ. ಹೊಟ್ಟೆನೋವು ಎಂದು ಹೇಳಿ ಉಳಿದವರನ್ನೆಲ್ಲ ಪಕ್ಕದ ಕೋಣೆಗೆ ಸಾಗಹಾಕಿ, ತೆರೆಯದ ಊಟದ ಡಬ್ಬಿಯನ್ನು ಹಾಗೇ ಚೀಲಕ್ಕೆ ತುರುಕಿಕೊಂಡು ಅವಳು ಬಸ್ಸು ಹತ್ತಿದಳು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಅವಳ ಹುಟ್ಟುಗುಣವಲ್ಲ, ತಾತ ಹೊಲಿದುಕೊಟ್ಟದ್ದು. ತಾಯಿಯನ್ನು ಸರಿಯಾಗಿ ನೆನಪೂ ಇಲ್ಲದ ವಯಸ್ಸಿನಲ್ಲಿ ಕಳೆದುಕೊಂಡ ಹುಡುಗಿ ಅವಳು. ಅಪ್ಪ ಬಸ್ಸಿನ ಕಂಡಕ್ಟರು. ಹೊತ್ತುಗೊತ್ತಿಲ್ಲದ ಡ್ಯೂಟಿ. ಬೆಳೆಸಿದ್ದೆಲ್ಲ ತಾತ, ಅಪ್ಪನ ಅಪ್ಪ. ಬಟ್ಟೆ ಗಿರಣಿಯಲ್ಲಿ ಮಗ್ಗಗಳ ನಡುವೆ ಆಯುಷ್ಯ ಸವೆಸಿ ಬಂದಿದ್ದ ಆತ ಅವಳ ಜಡೆಯನ್ನೂ ನೂಲು ಬಿಗಿದಂತೆ ಬಿಗಿದು ಹೆಣೆಯುತ್ತಿದ್ದ. ಶಾಲೆಯಲ್ಲಿ ಟೀಚರು "ಏನೇ, ಕಣ್ಣೇ ಮುಚ್ಚೋಕಾಗ್ತಿಲ್ವಾ ನಿಂಗೆ?" ಎಂದು ನಗುತ್ತಿದ್ದರು. ಗಿರಣಿ ಅವನಿಗೆ ಕೊಡಬೇಕಾದದ್ದನ್ನೆಲ್ಲ ಕೊಟ್ಟು, ಕಿವಿ ಎರಡನ್ನೂ ಇಟ್ಟುಕೊಂಡು ಕಳಿಸಿತ್ತು. ಅದು ಗೊತ್ತಿದ್ದದ್ದು ಲೋಕದಲ್ಲಿ ಇಬ್ಬರಿಗೇ. ಅವನಿಗೆ, ಅವಳಿಗೆ.

"ಯಾರಿಗೂ ಹೇಳ್ಬೇಡ ಪುಟ್ಟೀ," ಎಂದಿದ್ದ ತಾತ. "ಕಿವುಡ ಅಂತ ಗೊತ್ತಾದ್ಮೇಲೆ ಮನುಷ್ಯನ ಜೊತೆ ಯಾರೂ ಮಾತಾಡಲ್ಲ, ಮನುಷ್ಯನ ಬಗ್ಗೆ ಮಾತಾಡ್ತಾರೆ. ಗಿರಣೀಲಿ ಕಣ್ಣಾರೆ ಕಂಡಿದ್ದೀನಿ. ನೀನೇ ನನ್ನ ಕಿವಿ ಆಗ್ತೀಯಾ?"

ಆಗದೆ ಏನು! ಅದಕ್ಕಿಂತ ದೊಡ್ಡ ಪದವಿ ಯಾವ ಹುಡುಗಿಗೆ ಸಿಕ್ಕಿತ್ತು? ಊಟಕ್ಕೆ ಕೂತರೆ ಅವಳು ತಾತನ ಎದುರಿಗೇ ಕೂರುತ್ತಿದ್ದಳು. ಯಾರಾದರೂ ಅವನನ್ನು ಮಾತಾಡಿಸಿದರೆ ಅವಳ ಹುಬ್ಬು ಏರುತ್ತಿತ್ತು, ಮಾತು ಬಂದ ಕಡೆಗೆ ಗದ್ದ ತಿರುಗುತ್ತಿತ್ತು. ಹೌದು ಎನ್ನಬೇಕಾದರೆ ಹುಬ್ಬು ಮೇಲೆ, ಬೇಡ ಎನ್ನಬೇಕಾದರೆ ಮೂಗು ತುರಿಸಿಕೊಳ್ಳುವುದು. ಒಂದು ಸಲ ಅವಳ ಮೂಗು ನಿಜವಾಗಿಯೂ ತುರಿಸಿ ಅವಳು ಕೆರೆದುಕೊಂಡಾಗ, "ನೀರು ಬೇಕಾ?" ಎಂದ ಅಪ್ಪನಿಗೆ ತಾತ ಗಂಟಲಿಗೆ ಊಟ ಸಿಕ್ಕಿಕೊಂಡು ಕಣ್ಣೀರು ಸುರಿಸುತ್ತಲೇ "ಬೇಡಪ್ಪ" ಎಂದಿದ್ದ. ಅದನ್ನು ನೆನೆದು ಇಬ್ಬರೂ ವಾರವಿಡೀ ನಕ್ಕಿದ್ದರು. ತಾತ ಹೋಗಿ ವರ್ಷಗಳಾದವು. ಅವಳು ಓದಿ, ನೂರು ಕೆಲಸ ಬಿಟ್ಟು ಈ ಕೆಲಸವನ್ನೇ ಹಿಡಿದಳು. ಯಾಕೆ ಎಂದು ಕೇಳಿದವರಿಗೆ "ಮುದುಕರು ಅಂದ್ರೆ ನಂಗಿಷ್ಟ" ಎನ್ನುತ್ತಿದ್ದಳು. ಸುಳ್ಳೇನಲ್ಲ. ಹುಬ್ಬು ಮಾತ್ರ ತನ್ನ ಹಳೆಯ ಡ್ಯೂಟಿಯನ್ನು ಬಿಟ್ಟೇ ಇರಲಿಲ್ಲ, ಅಷ್ಟೆ.

ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ಅವತ್ತು ಮೊದಲ ಸಲ ಒಂದು ವಿಷಯ ಹೊಳೆಯಿತು. ತಾನು ಶಾಲೆಗೆ ಹೋದಾಗ ತಾತ ಏನು ಮಾಡುತ್ತಿದ್ದ?

ಮನೆಯಲ್ಲಿ ಅಪ್ಪ ಟಿವಿ ಮುಂದೆ ಕೂತಿದ್ದ. ನಿವೃತ್ತನಾಗಿ ಎಷ್ಟೋ ಕಾಲವಾದರೂ ಅವನ ಗಂಟಲು ಇನ್ನೂ ಬಸ್ಸಿನ ಹಿಂದಿನ ಸೀಟಿಗೆ ಮುಟ್ಟುವಂತೆಯೇ ಮಾತಾಡುತ್ತಿತ್ತು.

"ಏನೇ, ಇಷ್ಟು ಬೇಗ? ಮುಖ ಯಾಕೆ ಹಾಗಿದೆ?"

ಅವಳು ಚಪ್ಪಲಿಯನ್ನೂ ಬಿಡಲಿಲ್ಲ. "ಅಪ್ಪಾ, ತಾತನಿಗೆ ಕಿವಿ ಕೇಳಿಸ್ತಿರಲಿಲ್ಲ."

ಅಪ್ಪ ಮೂಗಿನಲ್ಲೇ ನಕ್ಕ. ತಾತನ ಮಾತು ಬಂದರೆ ಅವನದು ಯಾವಾಗಲೂ ಇದೇ ನಗು. "ಕೇಳಿಸ್ತಿತ್ತು ಬಿಡು. ಬೇಕಾದ್ದೆಲ್ಲ ಕೇಳಿಸ್ತಿತ್ತು. ನೀನಿದ್ರೆ ಎಲ್ಲಾ ಕೇಳಿಸ್ತಿತ್ತು, ನಾನೊಬ್ಬನೇ ಇದ್ರೆ ಕಲ್ಲುಬಂಡೆ. ನಂಗೊತ್ತಿಲ್ವಾ?"

"ನಾನಿದ್ರೂ ಕೇಳಿಸ್ತಿರಲಿಲ್ಲ ಅಪ್ಪ. ನಾನು ಸನ್ನೆ ಮಾಡ್ತಿದ್ದೆ." ಅವಳು ಹುಬ್ಬು ಏರಿಸಿ ತೋರಿಸಿದಳು, ಮೂಗು ತುರಿಸಿ ತೋರಿಸಿದಳು. "ಗಿರಣಿ ಬಿಟ್ಟಾಗ್ಲೇ ಅವನ ಕಿವಿ ಹೋಗಿತ್ತು. ಪೂರ್ತಿ."

ಅಪ್ಪ ಬಹಳ ಹೊತ್ತು ಅವಳ ಹುಬ್ಬನ್ನೇ ನೋಡಿದ. ಆಮೇಲೆ ರಿಮೋಟು ಹುಡುಕಿ ಟಿವಿ ಆರಿಸಿದ.

"ಒಂದಿನ ಕೆಟ್ಟ ಮಾತಾಡಿದ್ದೆ ನಾನು," ಎಂದ. ಯಾರಿಗೋ ಟಿಕೆಟು ಹರಿದುಕೊಡುವವನಂತೆ, ಅವಳ ಕಡೆ ನೋಡದೆ. "ಎರಡು ಡ್ಯೂಟಿ ಒಟ್ಟಿಗೆ ಮಾಡಿ ಬಂದಿದ್ದೆ. ಏನೋ ಕೇಳ್ದೆ, ಉತ್ತರ ಇಲ್ಲ. ಕೂತು ತಿನ್ನೋದೊಂದು ಗೊತ್ತು ನಿಂಗೆ ಅಂದ್ಬಿಟ್ಟೆ. ಕಿರುಚಿದೆ. ಅದು ಅವನಿಗೆ ತಿಳೀತು. ತಟ್ಟೆ ಹಾಗೇ ಬಿಟ್ಟು ಎದ್ದುಹೋದ. ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಹಿತ್ತಿಲಲ್ಲಿ ಸೈಕಲ್ ಒರೆಸ್ತಿದ್ದ. ಅಪ್ಪಾ, ನಾಲಿಗೆ ಜಾರಿತು, ತಪ್ಪಾಯ್ತು ಅಂದೆ. ತಿರುಗಲಿಲ್ಲ. ಇನ್ನೊಂದ್ಸಲ ಅಂದೆ. ಚಕ್ರ ತಿರುಗಿಸ್ಕೊಂಡು ಒರೆಸ್ತಾನೇ ಇದ್ದ. ಆಮೇಲೆ ನಾನೂ ಹಟ ಹಿಡಿದೆ. ನೀನು ನೋಡಿದ್ದೀಯಲ್ಲ, ಸಾಯೋವರೆಗೂ ನಾವಿಬ್ಬರೂ ಮಾತಾಡಲಿಲ್ಲ."

"ನೀನು ಎಲ್ಲಿ ನಿಂತಿದ್ದೆ ಅಪ್ಪ?"

"ಹಿತ್ತಿಲ ಬಾಗಿಲಲ್ಲಿ."

"ಅವನ ಬೆನ್ನ ಹಿಂದೆ?"

"ಮತ್ತೆ? ಮುಖಕ್ಕೆ ಮುಖ ಕೊಟ್ಟು ತಪ್ಪಾಯ್ತು ಅನ್ನೋಕೆ ಯಾರಿಗಾದ್ರೂ ಆಗುತ್ತೇನೇ?" ಎಂದ ಅಪ್ಪ. ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಅದು ಬಂದು ತಟ್ಟಿತು. ಬಾಯಿ ಹಾಗೇ ಅರ್ಧ ತೆರೆದುಕೊಂಡಿತು. ಎದ್ದು ಹೋಗಿ ಒಂದು ಲೋಟ ನೀರು ಹಿಡಿದುಕೊಂಡ, ಕುಡಿಯಲಿಲ್ಲ, ಲೋಟವನ್ನು ಹಾಗೇ ಇಟ್ಟ. "ಅವತ್ತೇ ಒಂದು ಮಾತು ಹೇಳ್ಬಾರದಾಗಿತ್ತಾ ಪುಟ್ಟೀ."

ಅದು ಬೈಗುಳವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವಳಿಗೆ ಅಳು ಬಂತು. ತಾತನನ್ನು ತಾನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳು. ಎದುರಿಗಿದ್ದಷ್ಟು ಹೊತ್ತು ಕಾಪಾಡಿದ್ದಳು ಕೂಡ. ತಾನಿಲ್ಲದ ಹೊತ್ತಿನಲ್ಲಿ ಅವನನ್ನು ಬೇಕಂತಲೇ ಮಾತು ಬಿಟ್ಟ ಮೊಂಡನನ್ನಾಗಿ ಮಾಡಿಟ್ಟವಳೂ ತಾನೇ ಎಂಬುದು ಯಾವತ್ತೂ ತೋಚಿರಲಿಲ್ಲ. ಹೋದ ತಿಂಗಳು ಇನ್ನೊಬ್ಬಳನ್ನು ಅದೇ ರೀತಿ ಮಾಡಿ, ಚೀಟಿಯನ್ನೂ ಬರೆದು ಕೈಗೆ ಕೊಟ್ಟು ಕಳಿಸಿದ್ದಳು.

ಮಾರನೆಯ ಬೆಳಿಗ್ಗೆ ಅವಳು ವಿಭಾಗದ ಡಾಕ್ಟರಮ್ಮನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ದಿನ ಶುರುವಾಗುವ ಮೊದಲೇ ದಣಿದ ಮುಖ.

"ಎಷ್ಟು ಜನಕ್ಕೆ ಹೀಗಾಗಿರಬಹುದು?"

"ಗೊತ್ತಿಲ್ಲ ಡಾಕ್ಟ್ರೇ. ನಾನು ಬಂದಾಗಿನಿಂದ ನೋಡಿದ ಮುದುಕರೆಲ್ಲ. ಹುಡುಗರ ಮುಖ ನಾನು ನೋಡೋದೇ ಇಲ್ಲ."

"ಮಾರಾಯ್ತಿ! ಮುಚ್ಚಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಇದು." ಡಾಕ್ಟರಮ್ಮ ಕಿಟಕಿಯಾಚೆ ನೋಡಿದರು. "ಎಲ್ಲರನ್ನೂ ಮತ್ತೆ ಕರೆಸಬೇಕು. ಮೇಲಿನವರಿಗೆ ನಾನು ಹೇಳಲೇಬೇಕಾಗುತ್ತೆ. ಆಮೇಲೆ ನಿನ್ನ ಕೆಲಸ ಉಳಿಯುತ್ತೋ ಇಲ್ವೋ, ನನ್ನ ಕೈಲಿಲ್ಲ."

"ಗೊತ್ತು. ಆ ಒಬ್ಬ ಅಜ್ಜಿಗೆ ಮಾತ್ರ ನಾನೇ ಮಾಡ್ತೀನಿ. ಆಮೇಲೆ ಏನಾದ್ರೂ ಆಗಲಿ."

ಡಾಕ್ಟರಮ್ಮ ಕನ್ನಡಕ ಮತ್ತೆ ಹಾಕಿಕೊಂಡರು. "ಮೇಜು ತಿರುಗಿಸ್ಕೋ," ಎಂದರು.

ಪಕ್ಕದ ಕೋಣೆಯ ಹುಡುಗನೂ ಕೈ ಹಾಕಿದ. ಗಾಜಿಗೆ ಮುಖ ಮಾಡಿ ಕೂತಿದ್ದ ಮೇಜು ಕಿರ್ರೆಂದು ತಿರುಗಿ ಗೋಡೆಗೆ ಮುಖ ಮಾಡಿತು. ಮೇಜು ಇದ್ದ ಜಾಗದಲ್ಲಿ ನೆಲ ಬೆಳ್ಳಗಿತ್ತು. ಗ್ಯಾರೇಜಿನವನಿಗೆ ಫೋನು ಮಾಡಿದಾಗ ಅವನು ಮೊದಲು ರೇಗಿದ. "ಇನ್ನೆಷ್ಟು ಸಲ ಮೇಡಮ್? ನನಗೇನು ಬೇರೆ ಕೆಲಸ ಇಲ್ವಾ?" ತಪ್ಪು ನನ್ನದು, ನಿಮ್ಮಮ್ಮಂದಲ್ಲ ಎಂದಳು ಇವಳು. ಆ ಕಡೆ ಯಾವುದೋ ಎಂಜಿನ್ನು ಗುರುಗುಟ್ಟುತ್ತಿತ್ತು. ಅವನು ಅದನ್ನು ಆರಿಸಿ "ಬರ್ತೀನಿ" ಎಂದ.

ಬಂದರು. ಅಜ್ಜಿಯ ಮುಖದಲ್ಲಿ ಇವತ್ತು ನಗುವಿರಲಿಲ್ಲ. ಮತ್ತೆ ಮತ್ತೆ ಯಾಕೆ ಕರೆಸುತ್ತಾರೆ, ತನ್ನಿಂದ ಇನ್ನೇನು ತಪ್ಪಾಯಿತು ಎಂದು ಗಾಬರಿ. ಕಿವಿ ಮೇಡಮ್ ಮೊಣಕಾಲೂರಿ ಕೂತು, ಅವಳ ಮುಖಕ್ಕೆ ಮುಖ ಕೊಟ್ಟು, ತನ್ನ ಕಿವಿ ಮುಟ್ಟಿ ತೋರಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಅಜ್ಜಿ. ಹುಬ್ಬು ಅಲ್ಲ. ಕಿವಿ. ಕಿವಿಯೊಳಗೆ ಕುಂಯ್ ಅಂತ ಸದ್ದು ಬಂದ್ರೆ ಒತ್ತಿ." ಅಜ್ಜಿ ತಲೆಯಾಡಿಸಿದಳು. ತಿಳಿಯಿತೋ ಇಲ್ಲವೋ, ತಲೆಯಾಡಿಸುವುದು ಅವಳಿಗೆ ರೂಢಿ.

ಹೊರಗೆ ಬಂದು ಇನ್ನೊಂದು ಹೆಡ್‌ಫೋನನ್ನು ಮಗನ ಕೈಗೆ ಕೊಟ್ಟಳು. "ಅವರಿಗೆ ನಾನು ಕಳಿಸೋದು ನಿಮಗೂ ಕೇಳುತ್ತೆ. ಹಾಕ್ಕೊಳ್ಳಿ." ಅವನು ಹಾಕಿಕೊಂಡ. ಅವನು ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುವವನು, ಕಿವಿಯಿಂದಲೇ ಅನ್ನ ತಿನ್ನುವವನು. ಕಿವಿ ಮೇಡಮ್ ಗಾಜಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂತಳು.

ಮೊದಲ ಶಬ್ದ ಕಳಿಸಿದಳು. ಗೋಡೆಯ ಎದುರಿಗೆ ಅವಳ ಹುಬ್ಬು ಏರಿತು, ಗದ್ದ ಎದ್ದಿತು. ಏಳಲಿ, ಇನ್ನು ನೋಡುವವರು ಯಾರು? ದೀಪ ಹತ್ತಲಿಲ್ಲ.

ಇನ್ನೂ ಜೋರಾಗಿ ಕಳಿಸಿದಳು. ಮಗ ತಲೆ ಎತ್ತಿ ದೀಪ ನೋಡಿದ. ಹತ್ತಲಿಲ್ಲ.

ಇನ್ನೂ ಜೋರು. ಮಗನ ಹಣೆ ಸುಕ್ಕುಗಟ್ಟಿತು. ಇನ್ನೂ ಒಂದು ಮೆಟ್ಟಿಲು ಏರಿಸಿದಾಗ ಅವನು ಹಾರಿಬಿದ್ದು ಹೆಡ್‌ಫೋನನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಕೈಯಲ್ಲಿದ್ದರೂ ಅದರೊಳಗಿನ ಕೂಗು ಕೋಣೆಗೆಲ್ಲ ಕೇಳುತ್ತಿತ್ತು. ದೀಪ ಹಾಗೇ ಕಪ್ಪಾಗಿ ಕೂತಿತ್ತು.

"ಇದು... ಇದು ಅಮ್ಮನ ಕಿವಿಗೂ ಹೋಗ್ತಿದೆಯಾ?"

"ಹೋಗ್ತಿದೆ."

ಅವನು ನಿಧಾನವಾಗಿ ಗಾಜಿನ ಕಡೆ ತಿರುಗಿದ. ಒಳಗೆ ಅವನ ತಾಯಿ ಕಿವಿ ಮೇಡಮ್ಮನ ಜಡೆಯನ್ನೇ ನೋಡುತ್ತಾ, ಹೆಬ್ಬೆರಳನ್ನು ಗುಂಡಿಯ ಮೇಲೆ ಸಿದ್ಧವಾಗಿಟ್ಟುಕೊಂಡು, ತುಟಿ ಬಿಗಿದು ಕಾಯುತ್ತಿದ್ದಳು. ಅಷ್ಟು ದೊಡ್ಡ ಕೂಗು ಕಿವಿಯೊಳಗೆ ಸುರಿಯುತ್ತಿದ್ದರೂ ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಈ ಹುಡುಗಿ ಯಾಕೆ ತಿರುಗಿ ಕೂತಳು, ಯಾವಾಗ ಈ ಕಡೆ ನೋಡುತ್ತಾಳೆ ಎಂಬ ಚಿಂತೆಯೊಂದೇ ಅಲ್ಲಿತ್ತು.

"ಮಗು ಅತ್ತಾಗ್ಲೂ ಹೀಗೇ ಕೂತಿದ್ರು," ಎಂದ ಮಗ. ಬಾಗಿಲ ಮರೆಯಿಂದ, ಅಡುಗೆಮನೆಯಿಂದ, ಬೆನ್ನ ಹಿಂದಿನಿಂದ ತಾನು ಆಡಿದ ಒಂದೊಂದು ಮಾತೂ ನೆನಪಾಯಿತೋ ಏನೋ, ಗ್ರೀಸಿನ ಕೈಯಿಂದಲೇ ಮುಖ ಉಜ್ಜಿಕೊಂಡ.

ಕಿವಿ ಮೇಡಮ್ ಯಂತ್ರದಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕೋಣೆ ನಿಶ್ಶಬ್ದವಾಯಿತು. ಮಗ ಗಾಜಿನ ಹತ್ತಿರಕ್ಕೆ ಹೋದ. ಮೂಗು ತಾಗುವಷ್ಟು ಹತ್ತಿರ. ಅಮ್ಮಾ ಎನ್ನಲು ಹೊರಟು, ಅದು ಅವಳಿಗೆ ಕೇಳುವುದಿಲ್ಲ ಎಂದು ನೆನಪಾಗಿ, ಸುಮ್ಮನೆ ಅವಳನ್ನು ನೋಡಿದ. ತಡೆದ ಅಳುವಿಗೆ ಅವನ ಹುಬ್ಬು ಮೇಲೆ ಎದ್ದಿತು.

ಗೋಡೆಯ ಕಡೆ ಮುಖ ಮಾಡಿ ಕೂತವಳ ಎದುರಿಗೆ ಹಸಿರು ದೀಪ ಹತ್ತಿತು.